70 ಮೀಟರಿನ ನೌಕೆ, 70 ಸೆಂಟಿಮೀಟರಿನ ಮರ

ನಾಟಿಲಸ್ ಜಲಾಂತರ್ಗಾಮಿಯ ಉದ್ದ 70 ಮೀಟರ್, ನಡುವಿನ ಅಗಲ 8 ಮೀಟರ್. ತಳದ ದಿಮ್ಮಿಯೊಂದೇ 62 ಟನ್. ಹೊರಕವಚದ ಉಕ್ಕಿನ ದಪ್ಪ 5 ಸೆಂಟಿಮೀಟರ್. ಇದನ್ನೆಲ್ಲ ಕ್ಯಾಪ್ಟನ್ ನೀಮೊ ತನ್ನ ಬಂದಿಯಾದ ಪ್ರೊಫೆಸರ್ ಅರೊನಾಕ್ಸ್‌ಗೆ ನಕ್ಷೆ ಹರವಿಕೊಂಡು ವಿವರಿಸುತ್ತಾನೆ. ಜೂಲ್ಸ್ ವರ್ನ್ 1869-70ರಲ್ಲಿ ಧಾರಾವಾಹಿಯಾಗಿ ಬರೆದ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' ಓದುವವರಲ್ಲಿ ಬಹಳಷ್ಟು ಮಂದಿ ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. ಕಥೆ ಇಲ್ಲಿ ನಿಂತೇಹೋಯಿತು ಅನ್ನಿಸುವುದು ಸಹಜ. ನಾನು ಮಾತ್ರ ಪೆನ್ಸಿಲು, ಸ್ಕೇಲು ಹಿಡಿದು ಕೂತದ್ದು ಈ ಅಧ್ಯಾಯದ ಮುಂದೆಯೇ.

ಪುಸ್ತಕ, ಕಾಮಿಕ್ಸುಗಳಲ್ಲಿ ಬರುವ ನೌಕೆ, ಮನೆ, ಯಂತ್ರಗಳ ಮಾದರಿ ಕಟ್ಟುವುದು ನನ್ನ ಹವ್ಯಾಸ. ಅಂಗಡಿಯಲ್ಲಿ ಸಿಗುವ ಕಿಟ್ ತಂದು ಜೋಡಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಕಿಟ್ಟಿನಲ್ಲಿ ಇನ್ನೊಬ್ಬರು ಓದಿ, ಅಳೆದು, ತೀರ್ಮಾನಿಸಿ ಮುಗಿಸಿರುತ್ತಾರೆ. ಬರಿಯ ಪುಸ್ತಕದಿಂದ ಹೊರಟಾಗ ಆ ಮೂರೂ ಕೆಲಸ ನಮ್ಮದೇ. ಅದರಲ್ಲೂ ಓದುವುದಕ್ಕೆ ಹಿಡಿಯುವ ಸಮಯ ಕತ್ತರಿಸಿ ಅಂಟಿಸುವುದಕ್ಕಿಂತ ಹೆಚ್ಚು, ಹಾಗಿರಲೂ ಬೇಕು.

ಓದುವುದಕ್ಕೂ ಮೊದಲು ಯಾವ ಪ್ರತಿ ಎಂಬುದನ್ನು ನೋಡಿಕೊಳ್ಳಬೇಕು. ಫ್ರೆಂಚ್ ಬಾರದ ನನ್ನಂಥವರು ಇಂಗ್ಲಿಷ್ ಅನುವಾದವನ್ನೇ ನೆಚ್ಚಬೇಕು. ಲೂಯಿಸ್ ಮರ್ಸಿಯರ್ 1870ರ ದಶಕದಲ್ಲಿ ಮಾಡಿದ ಅನುವಾದವೇ ದಶಕಗಟ್ಟಲೆ ಎಲ್ಲೆಡೆ ಅಚ್ಚಾಗುತ್ತಾ ಬಂತು. ಅದರಲ್ಲಿ ಮೂಲದ ಐದನೇ ಒಂದು ಭಾಗಕ್ಕೂ ಹೆಚ್ಚು ಬಿಟ್ಟುಹೋಗಿದೆ, ವಿಜ್ಞಾನದ ವಿವರಗಳು ಹಲವೆಡೆ ತಪ್ಪಿವೆ. ಕತೆಗಾಗಿ ಓದುವವರಿಗೆ ಅದು ಸಾಕಾಗಬಹುದು. ಅಳತೆಗಾಗಿ ಓದುವವರು 1960ರ ದಶಕದ ವಾಲ್ಟರ್ ಜೇಮ್ಸ್ ಮಿಲ್ಲರ್ ಅವರದನ್ನೋ 1998ರ ವಿಲಿಯಂ ಬುಚರ್ ಅವರದನ್ನೋ ಹುಡುಕಿಕೊಳ್ಳುವುದು ಮೇಲು.

ನೀಮೊ ತನ್ನ ನೌಕೆಯ ಆಕಾರವನ್ನು ಎರಡೇ ಮಾತಿನಲ್ಲಿ ಹೇಳುತ್ತಾನೆ: ನೀಳವಾದ ಉರುಳೆ, ಎರಡು ತುದಿಗಳಲ್ಲಿ ಶಂಕು. ಒಟ್ಟಾರೆ ನೋಟ ಚುಟ್ಟದ್ದು. ಆದರೆ ಉರುಳೆಯ ಭಾಗ ಎಷ್ಟು ಉದ್ದ, ಶಂಕು ಎಲ್ಲಿಂದ ಶುರು ಎಂದು ಹೇಳುವುದಿಲ್ಲ. ಮಾದರಿಗೆ ಬೇಕಾದದ್ದೇ ಅದು. ಉತ್ತರ ಸಿಕ್ಕಿದ್ದು ಅವನೇ ಕೊಡುವ ಇನ್ನೆರಡು ಅಂಕಿಗಳಲ್ಲಿ. ನೌಕೆಯ ಹೊರಮೈ 1011.45 ಚದರ ಮೀಟರ್, ಗಾತ್ರ 1500.2 ಘನ ಮೀಟರ್. ನಡುವೆ 10 ಮೀಟರ್ ಉದ್ದದ ಉರುಳೆ, ಎರಡೂ ಕಡೆ 30 ಮೀಟರ್ ಉದ್ದದ ಶಂಕು ಎಂದಿಟ್ಟುಕೊಂಡು ಹೈಸ್ಕೂಲಿನ ಸೂತ್ರ ಹಾಕಿ ನೋಡಿ. ಹೊರಮೈ ಸುಮಾರು 1012 ಚದರ ಮೀಟರ್ ಬರುತ್ತದೆ, ಗಾತ್ರ ಸುಮಾರು 1508 ಘನ ಮೀಟರ್. ಇಷ್ಟು ಹತ್ತಿರದ ಉತ್ತರ ಆಕಸ್ಮಿಕವಾಗಿ ಬರುವುದು ಕಷ್ಟ. ವರ್ನ್ ಕಾಗದದ ಮೇಲೆ ಹೆಚ್ಚುಕಡಿಮೆ ಇದೇ ಆಕಾರ ಬರೆದುಕೊಂಡು ಲೆಕ್ಕ ಹಾಕಿದ್ದರೆಂದು ನಾನು ನಂಬಿದ್ದೇನೆ. ನೂರೈವತ್ತು ವರ್ಷಗಳ ಹಿಂದಿನ ಲೇಖಕನೊಬ್ಬನ ಮೇಜಿನ ಪಕ್ಕದಲ್ಲಿ ನಿಂತು ಅವನ ಲೆಕ್ಕದ ಹಾಳೆ ನೋಡಿದ ಸಂತೋಷ ಆ ದಿನ ನನಗಾಯಿತು.

ಆಮೇಲೆ ಒಳಗಿನ ಕೋಣೆಗಳ ಸರದಿ. ಮೂತಿಯಿಂದ ಹಿಂದಕ್ಕೆ ಬಂದರೆ ಗಾಳಿಯ ತೊಟ್ಟಿ 7.5 ಮೀಟರ್, ಅರೊನಾಕ್ಸ್ ಕೋಣೆ 2.5, ನೀಮೊ ಕೋಣೆ 5, ದೊಡ್ಡ ಸಲೂನು 10, ಗ್ರಂಥಾಲಯ 5, ಊಟದ ಮನೆ 5. ಕೂಡಿದರೆ 35. ಸರಿಯಾಗಿ ಅರ್ಧ ನೌಕೆ. ಇಲ್ಲಿಯವರೆಗೆ ಲೆಕ್ಕ ಚೊಕ್ಕವಾಗಿದೆ. ತೊಡಕು ಇರುವುದು ಸಲೂನಿನಲ್ಲಿ. ಅದರ ಉದ್ದ 10, ಅಗಲ 6, ಎತ್ತರ 5 ಮೀಟರ್. ಮೂತಿಯಿಂದ 15ನೇ ಮೀಟರಿಗೆ ಶುರುವಾಗಿ 25ಕ್ಕೆ ಮುಗಿಯುವ ಈ ಕೋಣೆ ಪೂರ್ತಿಯಾಗಿ ಶಂಕುವಿನ ಒಳಗೇ ಬೀಳುತ್ತದೆ. ಅಲ್ಲಿ ನೌಕೆಯ ವ್ಯಾಸ ಮುಂದೆ 4 ಮೀಟರ್, ಹಿಂದೆ 6.7 ಮೀಟರಿನ ಹತ್ತಿರ. 5 ಮೀಟರ್ ಎತ್ತರದ ಕೋಣೆ 4 ಮೀಟರಿನ ಕೊಳವೆಯಲ್ಲಿ ಕೂರುವುದಿಲ್ಲ. ಸಲೂನಿನ ಮೂಲೆಗಳು ಕತ್ತರಿಸಿದಂತಿವೆ ಎಂದು ವರ್ನ್ ಒಂದು ಮಾತು ಸೇರಿಸುತ್ತಾರೆ. ಅದರಿಂದ ಕೊಂಚ ಜಾಗ ಉಳಿದೀತು, ಆದರೆ ಸಾಲದು.

ಹೊರಗಿನ ಲೆಕ್ಕ ನಿಜವಾದರೆ ಒಳಗಿನದು ಹಿಡಿಸುವುದಿಲ್ಲ, ಒಳಗಿನದನ್ನು ಹಿಡಿಸಲು ಹೋದರೆ ಹೊರಮೈ ಊದಿಕೊಳ್ಳುತ್ತದೆ. ಹಲವರು ಹೊಟ್ಟೆ ದಪ್ಪ ಮಾಡಿ ಎರಡನ್ನೂ ಹೇಗೋ ಹೊಂದಿಸುತ್ತಾರೆ. ನನಗೆ ಮನಸ್ಸು ಬರಲಿಲ್ಲ. ವರ್ನ್ ಎರಡನ್ನೂ ಶ್ರದ್ಧೆಯಿಂದಲೇ ಬರೆದಿದ್ದಾರೆ, ಎರಡಕ್ಕೂ ನ್ಯಾಯ ಸಲ್ಲಬೇಕು. ಹಾಗಾಗಿ ಎರಡು ಮಾದರಿ ಕಟ್ಟಿದೆ: ಹೊರಮೈಗೆ 1:100ರ ಪ್ರಮಾಣದಲ್ಲಿ ಒಂದು, ಸಲೂನು ಮತ್ತು ನೀಮೊ ಕೋಣೆಗೆ 1:25ರಲ್ಲಿ ಬೇರೆಯೇ ಪೆಟ್ಟಿಗೆ. ಮೂಲದಲ್ಲೇ ಹೊಂದದ ಎರಡು ಸಂಗತಿಗಳನ್ನು ಒಂದೇ ಮಾದರಿಯಲ್ಲಿ ರಾಜಿ ಮಾಡಿಸಬಾರದು ಎಂಬುದು ಅಂದಿನಿಂದ ನಾನು ಬಿಡದೆ ಪಾಲಿಸುವ ನಿಯಮ.

1:100 ಅಂದರೆ 70 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ದಪ್ಪ. ಥರ್ಮಾಕೋಲ್ ಕೆತ್ತಬಹುದಿತ್ತು, ಪಿವಿಸಿ ಪೈಪಿನ ಸುತ್ತ ಎಂ-ಸೀಲ್ ಮೆತ್ತಬಹುದಿತ್ತು. ಆದರೆ ಉರುಳೆ, ಶಂಕು ಎರಡೂ ತಿರುಗಣೆಯ ಮೇಲೆ ಹುಟ್ಟುವ ಆಕಾರಗಳು. ಆ ವಿದ್ಯೆ ತಲೆಮಾರುಗಳಿಂದ ಇರುವುದು ಚನ್ನಪಟ್ಟಣದಲ್ಲಿ. ಅಲ್ಲಿನ ಒಬ್ಬ ಹಿರಿಯ ಕುಶಲಕರ್ಮಿಗೆ ನಕ್ಷೆ ತೋರಿಸಿದೆ. ನೋಡಿ, "ಇದು ದೊಡ್ಡ ಲಟ್ಟಣಿಗೆ ಅಲ್ವಾ ಸಾರ್?" ಎಂದರು. "ಹೌದಣ್ಣ, ಆದರೆ ಎರಡೂ ತುದಿ ಚೂಪಾಗಬೇಕು" ಎಂದೆ. ಅವರು ಒಂದೇ ತುಂಡಿನಲ್ಲಿ ಮಾಡಲು ಒಪ್ಪಲಿಲ್ಲ. ಅವರು ಕಡೆಯುವ ಆಲೆ ಮರ ಹಗುರ, ನುಣುಪು, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಅಷ್ಟುದ್ದದ ತುಂಡು ಆಮೇಲೆ ಬಾಗಿದರೆ ಏನು ಮಾಡುತ್ತೀರಿ ಎಂದು ಕೇಳಿದರು. 10 ಸೆಂಟಿಮೀಟರಿನ ಉರುಳೆ, 30 ಸೆಂಟಿಮೀಟರಿನ ಎರಡು ಶಂಕು ಬೇರೆಬೇರೆಯಾಗಿ ಕಡೆದು, ನಡುವೆ ಗೂಟ ಕೂರಿಸಿ ಜೋಡಿಸಿದರು. ನಾನು ರಟ್ಟಿನಲ್ಲಿ ಕತ್ತರಿಸಿ ಕೊಟ್ಟಿದ್ದ ಅಚ್ಚನ್ನು ಆಗಾಗ ಮರಕ್ಕೆ ಹಿಡಿದು ನೋಡುತ್ತಿದ್ದರಾದರೂ ನಂಬಿದ್ದು ತಮ್ಮ ಬೆರಳನ್ನೇ. ಅರಗಿನ ಬಣ್ಣ ಹಚ್ಚದೆ ಬರಿಯ ಮರ ತೆಗೆದುಕೊಂಡು ಹೋಗುತ್ತೇನೆಂದಾಗ ಮಾತ್ರ ಅವರಿಗೆ ಬೇಸರವಾಯಿತು. ಮಾದರಿ ಕಟ್ಟುವವರು ಎಲ್ಲವನ್ನೂ ಒಬ್ಬರೇ ಮಾಡಬೇಕೆಂಬ ಹಟ ಬಿಡಬೇಕು. ಬಲ್ಲವರ ಕೈಯಲ್ಲಿ ಮಾಡಿಸಿಕೊಂಡ ಭಾಗ ಮಾದರಿಯ ಮರ್ಯಾದೆಯನ್ನು ಹೆಚ್ಚಿಸುತ್ತದೆ.

ಹೊರಮೈಯ ಉಕ್ಕಿನ ತಗಡುಗಳು ಒಂದರ ಮೇಲೊಂದು ತುಸು ಚಾಚಿಕೊಂಡು ಸರೀಸೃಪದ ಹುರುಪೆಗಳಂತೆ ಕಾಣುತ್ತವೆ ಎಂದು ಅರೊನಾಕ್ಸ್ ಹೇಳುತ್ತಾನೆ. 5 ಸೆಂಟಿಮೀಟರಿನ ತಗಡು 1:100ರಲ್ಲಿ ಅರ್ಧ ಮಿಲಿಮೀಟರ್. ಕೊಳಾಯಿ, ಎ.ಸಿ. ಕೆಲಸದವರು ಬಳಸುವ ಅಲ್ಯೂಮಿನಿಯಂ ಟೇಪನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಹಿಂಬದಿಯಿಂದ ಶುರುಮಾಡಿ ಮುಂದಕ್ಕೆ ಅಂಟಿಸುತ್ತಾ ಬಂದೆ. ಹಾಗೆ ಬಂದರೆ ಮುಂದಿನ ಸಾಲು ಹಿಂದಿನದರ ಮೇಲೆ ಕೂರುತ್ತದೆ, ನೀರು ಜಾರಿಹೋಗುವ ದಿಕ್ಕಿಗೆ. ಮೊಳೆಗಳ ತಲೆ ಮಾಡಲಿಲ್ಲ. ಈ ಪ್ರಮಾಣದಲ್ಲಿ ಅವು ಕಣ್ಣಿಗೇ ಕಾಣಬಾರದು. ಹಿತ್ತಾಳೆ ತಗಡಿನಲ್ಲಿ ಪ್ರೊಪೆಲ್ಲರ್ ಕತ್ತರಿಸಿದೆ. ಪುಸ್ತಕದ ಪ್ರಕಾರ ಅದರ ವ್ಯಾಸ 6 ಮೀಟರ್, ಅಂದರೆ 8 ಸೆಂಟಿಮೀಟರಿನ ಮೈಗೆ 6 ಸೆಂಟಿಮೀಟರಿನದು. ಓದುವಾಗ ಸುಮ್ಮನೆ ದಾಟಿಹೋಗುವ ಈ ಅಂಕಿಯ ದೈತ್ಯತನ ತಿಳಿಯುವುದು ಅದನ್ನು ಹಿಂದುಗಡೆ ಸಿಕ್ಕಿಸಿದಾಗಲೇ.

ನೋಡಿದವರೆಲ್ಲ ಕೇಳಿದ್ದು, ಗರಗಸದ ಹಲ್ಲು ಎಲ್ಲಿ, ಕಣ್ಣಿನಂಥ ಕಿಟಕಿ ಎಲ್ಲಿ ಎಂದು. ಅದು ಡಿಸ್ನಿಯವರ 1954ರ ಚಲನಚಿತ್ರಕ್ಕೆ ಹಾರ್ಪರ್ ಗಾಫ್ ರೂಪಿಸಿದ ನಾಟಿಲಸ್. ಕತೆಯಲ್ಲಿ ಜನ ಈ ನೌಕೆಯನ್ನು ಸಮುದ್ರದ ರಾಕ್ಷಸಪ್ರಾಣಿಯೆಂದು ಭಾವಿಸಿದ್ದರಲ್ಲ, ಆ ಭೀತಿಗೆ ಶಾರ್ಕು, ಮೊಸಳೆಗಳ ರೂಪ ಕೊಟ್ಟ ಅದ್ಭುತ ಕಲ್ಪನೆ ಅದು. ಅದನ್ನೂ ಕಟ್ಟಬಹುದು, ಆದರೆ ಆಗ ಕಟ್ಟುವುದು ಗಾಫ್ ಅವರ ನೌಕೆಯನ್ನು. ವರ್ನ್ ಅವರದು ನಯವಾದ, ಸದ್ದಿಲ್ಲದ ಮೈ.

1:25ರಲ್ಲಿ ಸಲೂನು 40 ಸೆಂಟಿಮೀಟರ್ ಉದ್ದ, 24 ಅಗಲ, 20 ಎತ್ತರ. ಗೋಡೆಗೆ ಸನ್‌ಬೋರ್ಡ್, ಚಾವಣಿಯಲ್ಲಿ ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಅದರ ಹಿಂದೆ ಎಲ್‌ಇಡಿ ಪಟ್ಟಿ. ಎಡಿಸನ್‌ನ ದೀಪ ಬರುವುದಕ್ಕೆ ಒಂಬತ್ತು ವರ್ಷ ಮೊದಲೇ ವರ್ನ್ ತಮ್ಮ ನೌಕೆಯನ್ನೆಲ್ಲ ವಿದ್ಯುತ್ತಿನಿಂದ ಬೆಳಗಿಸಿದ್ದರು. ಈ ಸಲೂನಿನಲ್ಲಿ ಆರ್ಗನ್ ವಾದ್ಯವಿದೆ, ಚಿತ್ರಪಟಗಳಿವೆ, ದೈತ್ಯ ಚಿಪ್ಪಿನ ಕಾರಂಜಿಯಿದೆ. ಎಲ್ಲಕ್ಕಿಂತ ಹೆಚ್ಚು ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪಕ್ಕದ ಸಣ್ಣ ಕೋಣೆ, ನೀಮೊ ಮಲಗುವ ಜಾಗ. ಅದರ ಗೋಡೆಯ ಮೇಲೆ ಕೆಲವು ಮಹಾಪುರುಷರ ಚಿತ್ರಗಳಿವೆ: ಪೋಲೆಂಡಿನ ಕೊಶ್ಚೂಷ್ಕೊ, ಗ್ರೀಸಿನ ಬೊಟ್ಸಾರಿಸ್, ಐರ್ಲೆಂಡಿನ ಓಕಾನೆಲ್, ವಾಷಿಂಗ್ಟನ್, ವೆನಿಸ್‌ನ ಮಾನಿನ್, ಲಿಂಕನ್, ಗಲ್ಲಿಗೇರಿದ ಜಾನ್ ಬ್ರೌನ್. ಎಲ್ಲರೂ ಬಿಡುಗಡೆಗಾಗಿ ಹೋರಾಡಿದವರು. ವರ್ನ್ ಮೊದಲು ನೀಮೊನನ್ನು ರಷ್ಯನ್ನರಿಂದ ನೊಂದ ಪೋಲಿಷ್ ಕುಲೀನನಾಗಿ ಕಲ್ಪಿಸಿದ್ದರು. ಪ್ರಕಾಶಕ ಹೆಟ್ಜೆಲ್ ಒಪ್ಪದ್ದರಿಂದ ಅವನ ನಾಡು ಯಾವುದೆಂದು ಆ ಪುಸ್ತಕದಲ್ಲಿ ಹೇಳಲೇ ಇಲ್ಲ. ಮುಂದೆ 1874-75ರ 'ದ ಮಿಸ್ಟೀರಿಯಸ್ ಐಲೆಂಡ್'ನಲ್ಲಿ ಗುಟ್ಟು ಬಿಚ್ಚುತ್ತದೆ. ನೀಮೊ ಅಂದರೆ ಬುಂದೇಲಖಂಡದ ರಾಜಕುಮಾರ ಡಕ್ಕರ್. ಟಿಪ್ಪು ಸುಲ್ತಾನನ ಬಂಧು, ಸೋದರಳಿಯ.

ಶ್ರೀರಂಗಪಟ್ಟಣದ ಮೇಲೆ ಹಾದುಹೋಗುವ ರೈಲಿನಲ್ಲಿ ಎಷ್ಟೋ ಸಲ ಓಡಾಡಿದ ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ಆ ಗೋಡೆಯ ಮೇಲೆ ಟಿಪ್ಪುವಿನ ಚಿತ್ರ ಇಡಲು ಕೈ ತುಡಿಯಿತು. ಎರಡು ಸೆಂಟಿಮೀಟರಿನ ಒಂದು ಚೌಕಟ್ಟು ಸಾಕಾಗಿತ್ತು. ಇಡಲಿಲ್ಲ. ಅರೊನಾಕ್ಸ್ ಕಂಡ ಚಿತ್ರಗಳ ಪಟ್ಟಿಯಲ್ಲಿ ಟಿಪ್ಪು ಇಲ್ಲ. ಆ ಪುಸ್ತಕ ಬರೆಯುವಾಗ ವರ್ನ್‌ಗೇ ನೀಮೊ ಭಾರತೀಯನೆಂಬ ತೀರ್ಮಾನ ಆಗಿರಲಿಲ್ಲ. ಪುಸ್ತಕ ಸುಮ್ಮನಿರುವ ಕಡೆ ನಾವು ಊಹಿಸಬಹುದು. ಅದು ಎಣಿಸಿ ಹೇಳಿದ ಕಡೆ ಒಂದನ್ನೂ ಸೇರಿಸಬಾರದು, ಎಷ್ಟೇ ಪ್ರೀತಿಯಿಂದಲಾದರೂ.

ಕಾಮಿಕ್ಸ್‌ನ ಪಾಠವೇ ಬೇರೆ. ಟಿನ್‌ಟಿನ್‌ನ ಚಂದ್ರಯಾನದ ಕೆಂಪು-ಬಿಳಿ ಚೌಕಳಿ ರಾಕೆಟ್ ಕಟ್ಟಲು ಕೂತಾಗ ಅಂಕಿಗಿಂತ ಚಿತ್ರಗಳೇ ಆಧಾರ. ಕತೆ ಎರಡು ಆಲ್ಬಮ್‌ಗಳಲ್ಲಿದೆ, 1953 ಮತ್ತು 1954ರವು. ಯಾವ ಕೋನದಿಂದ ಬರೆದರೂ ಆ ರಾಕೆಟ್ಟಿನ ಪ್ರಮಾಣ ತಪ್ಪುವುದಿಲ್ಲ, ಕಾರಣವೂ ಇದೆ. ಟಿನ್‌ಟಿನ್‌ನ ಸೃಷ್ಟಿಕರ್ತ ಎರ್ಜೆ ಮೊದಲೇ ಅದರ ಬಿಚ್ಚಿ ನೋಡಬಹುದಾದ ಮಾದರಿಯೊಂದನ್ನು ಆರ್ಥರ್ ವಾನ್ ನೋಯೆನ್ ಅವರಿಂದ ಮಾಡಿಸಿಕೊಂಡು, ತಾವೂ ಸಹಾಯಕ ಬಾಬ್ ದ ಮೂರ್ ಕೂಡ ಅದನ್ನು ನೋಡಿಯೇ ಬರೆಯುತ್ತಿದ್ದರು. ಅಂದರೆ ನಾವು ಮಾಡುವುದು ಮಾದರಿಯ ಚಿತ್ರದಿಂದ ಮತ್ತೆ ಮಾದರಿ. ಅಳತೆ ಹಿಡಿಯಲು ರಾಕೆಟ್ಟಿನ ಬುಡದಲ್ಲೇ ಮನುಷ್ಯ ನಿಂತಿರುವ ಚಿತ್ರ ಹುಡುಕಿ, ಅವನ ಎತ್ತರವನ್ನೇ ಗಜಕಡ್ಡಿ ಮಾಡಿಕೊಂಡೆ. ಮುಂದೆ ನಿಂತವನನ್ನೋ ದೂರದಲ್ಲಿರುವವನನ್ನೋ ಅಳೆದರೆ ಲೆಕ್ಕ ಕೆಡುತ್ತದೆ.

ಚೌಕಳಿ ಬರೀ ಅಲಂಕಾರವಲ್ಲ. ಈ ರಾಕೆಟ್ಟಿಗೆ ಸ್ಫೂರ್ತಿಯಾದ ಜರ್ಮನಿಯ ವಿ-2ರ ಪರೀಕ್ಷಾ ಹಾರಾಟಗಳಲ್ಲಿ, ಮೇಲೇರುವಾಗ ಅದು ತನ್ನ ಸುತ್ತ ಹೇಗೆ ತಿರುಗುತ್ತಿದೆ ಎಂದು ಕೆಳಗಿನಿಂದ ಗುರುತಿಸಲೆಂದೇ ಕಪ್ಪು-ಬಿಳಿ ಚೌಕ ಬಳಿಯುತ್ತಿದ್ದರು. ಉಬ್ಬಿ ಸೊರಗುವ ಮೈಮೇಲೆ ಚೌಕ ಬರೆಯುವುದಕ್ಕೆ ಸ್ಕೇಲು ಉಪಯೋಗಕ್ಕೆ ಬಾರದು. ಬೇಕಾದ ಎತ್ತರದಲ್ಲಿ ಕಾಗದದ ಪಟ್ಟಿ ಸುತ್ತಿ, ಸುತ್ತಳತೆಗೆ ಸರಿಯಾಗಿ ಕತ್ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಮಡಚುತ್ತಾ ಹೋದರೆ ಸಮಭಾಗ ತಾನಾಗಿ ಸಿಗುತ್ತದೆ. ಮಡಚಿದ ಭಾಗಗಳ ಸಂಖ್ಯೆ ಯಾವಾಗಲೂ ಸಮಸಂಖ್ಯೆಯೇ, ಆದ್ದರಿಂದ ಸುತ್ತು ಮುಗಿಯುವಲ್ಲಿ ಎರಡು ಕೆಂಪು ಅಕ್ಕಪಕ್ಕ ಬರುವ ಭಯವೂ ಇಲ್ಲ. ಮೊದಲು ಮೈಗೆಲ್ಲ ಬಿಳಿ ಬಳಿದು, ಮಾಸ್ಕಿಂಗ್ ಟೇಪ್ ಅಂಟಿಸಿದ ಮೇಲೆ ಅದರ ಅಂಚಿಗೆ ಇನ್ನೊಮ್ಮೆ ಬಿಳಿಯನ್ನೇ ಹಚ್ಚಿ, ಒಣಗಿದ ಬಳಿಕ ಕೆಂಪು ಹಚ್ಚಬೇಕು. ಟೇಪಿನಡಿಗೆ ನುಸುಳುವುದು ಆಗ ಬಿಳಿ ಬಣ್ಣ, ಗೆರೆ ಚೂಪಾಗಿ ಉಳಿಯುತ್ತದೆ.

ಈಗ ಮೇಜಿನ ಮೇಲಿರುವುದು ಮಾಲ್ಗುಡಿ. ಆರ್.ಕೆ. ನಾರಾಯಣ್ 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್'ನಿಂದ ಮೊದಲುಗೊಂಡು ಕಟ್ಟಿದ ಈ ಊರಿನಲ್ಲಿ ಸರಯೂ ನದಿಯಿದೆ, ಆಲ್ಬರ್ಟ್ ಮಿಷನ್ ಶಾಲೆಯಿದೆ, ಮಾರ್ಕೆಟ್ ರಸ್ತೆಯಿದೆ. ಆದರೆ ಅಲ್ಲಿ ಮೀಟರ್ ಲೆಕ್ಕ ಯಾರೂ ಕೊಡುವುದಿಲ್ಲ. ಶಂಕರ್ ನಾಗ್ ಅವರ ಟಿವಿ ಧಾರಾವಾಹಿಗೆ ಕಲಾವಿದ ಜಾನ್ ದೇವರಾಜ್ ಆಗುಂಬೆಯಲ್ಲಿ ಈ ಊರನ್ನು ನಿಜದ ಅಳತೆಯಲ್ಲೇ ನಿಲ್ಲಿಸಿದರು. ನಾನು ಅದನ್ನು ನಕಲು ಮಾಡುತ್ತಿಲ್ಲ. ಮಾಲ್ಗುಡಿ ಪೂರ್ತಿ ಕಟ್ಟುವ ಆಸೆಯನ್ನು ಬಿಟ್ಟು ರೈಲು ನಿಲ್ದಾಣವೊಂದನ್ನೇ ಹಿಡಿದೆ, ಏಕೆಂದರೆ ಅಲ್ಲಿ ಒಂದು ಗಟ್ಟಿ ಅಳತೆಯನ್ನು ಊಹಿಸಿಕೊಳ್ಳಲು ಆಧಾರವಿದೆ. ಆ ಧಾರಾವಾಹಿಯಲ್ಲಿ ಕಾಣುವ ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ ಆಗ ಇದ್ದದ್ದು ಮೀಟರ್ ಗೇಜ್. ಹಳಿಗಳ ನಡುವೆ 1000 ಮಿಲಿಮೀಟರ್. 1:87ರಲ್ಲಿ ಅದು ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ, ಮಾದರಿ ರೈಲಿನ 12 ಮಿಲಿಮೀಟರ್ ಹಳಿ ಅದಕ್ಕೆ ಸರಿಹೊಂದುತ್ತದೆ. ಪ್ಲಾಟ್‌ಫಾರಂ ಎತ್ತರ, ಬೆಂಚು, ಗಂಟೆ, ಟಿಕೆಟ್ ಕಿಟಕಿ ಎಲ್ಲವೂ ಆ ಹಳಿಯಿಂದಲೇ ಅಳತೆ ಪಡೆಯುತ್ತವೆ. ನಿಲ್ದಾಣದಿಂದ ಊರಿಗೆ ಹೋಗುವ ರಸ್ತೆ ಹಲಗೆಯ ಅಂಚಿಗೆ ಬಂದು ನಿಂತಿದೆ. ಅದು ಸರಯೂ ಕಡೆಗೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ಎಲ್ಲ ಕಾದಂಬರಿಗಳನ್ನೂ ಗುರುತು ಹಾಕಿಕೊಂಡು ಮತ್ತೆ ಓದುತ್ತಿದ್ದೇನೆ. ಓದು ಮುಗಿಯುವವರೆಗೆ ಎರಡನೇ ಹಲಗೆ ಕತ್ತರಿಸುವುದಿಲ್ಲ.