ಸದಸ್ಯರ ಹಣ, ಸದಸ್ಯರಿಗೆ ಲೆಕ್ಕ: ಕಾರ್ಮಿಕ ಸಂಘಗಳ ಕಾನೂನಿನಿಂದ ಒಂದು ಪಾಠ



ಹಾಲಿನ ಬಟವಾಡೆಯಲ್ಲಿ ಕಡಿತವಾದ ಹಣ ಯಾವ ಬಾಬಿಗೆ ಹೋಯಿತೆಂದು ನೀವು ಎಂದಾದರೂ ಕೇಳಿದ್ದೀರಾ? ಸಂಕೋಚದಿಂದ ಸುಮ್ಮನಿರುವವರೇ ಹೆಚ್ಚು. ಕಾರ್ಮಿಕರು ತಮ್ಮ ಸಂಘದ ವಂತಿಗೆಯ ಬಗ್ಗೆ ಈ ಪ್ರಶ್ನೆ ಎತ್ತಿದ ಕಥೆ ನಮಗೂ ಪಾಠವಾಗಬಲ್ಲದು.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ರೈಲ್ವೆ ನೌಕರರ ಸಂಘವು ರಾಜಕೀಯ ಪಕ್ಷದ ಸಲುವಾಗಿಯೂ ಸದಸ್ಯರಿಂದ ಕಡ್ಡಾಯವಾಗಿ ಹಣ ಪಡೆಯುತ್ತಿತ್ತು. ಸದಸ್ಯ ವಾಲ್ಟರ್ ಆಸ್ಬರ್ನ್ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 1909ರಲ್ಲಿ ತೀರ್ಪು ಅವರ ಪರವಾಯಿತು. 1913ರ ಕಾಯಿದೆ ಮಧ್ಯದ ದಾರಿ ತೋರಿತು: ರಾಜಕೀಯಕ್ಕೆ ಪ್ರತ್ಯೇಕ ನಿಧಿ ಇರಲಿ, ಒಪ್ಪದವರಿಗೆ ವಿನಾಯಿತಿ ಇರಲಿ.

ನಮ್ಮ ದೇಶದ ಕಾಯಿದೆ

ಭಾರತದ 1926ರ ಕಾರ್ಮಿಕ ಸಂಘಗಳ ಕಾಯಿದೆ ನೋಂದಾಯಿತ ಸಂಘಗಳಿಗೆ ಹೀಗೆ ವಿಧಿಸಿತ್ತು:

1. ಸಾಮಾನ್ಯ ನಿಧಿಯನ್ನು ಗೊತ್ತುಪಡಿಸಿದ ಬಾಬುಗಳಿಗೆ ಮಾತ್ರ ಬಳಸಬೇಕು. ಆಡಳಿತ ವೆಚ್ಚ, ಕೈಗಾರಿಕಾ ವಿವಾದ, ಸದಸ್ಯರ ಕಾಯಿಲೆ, ಅಪಘಾತ, ವೃದ್ಧಾಪ್ಯದ ನೆರವು ಮುಂತಾದವು ಅವುಗಳಲ್ಲಿ ಸೇರಿದ್ದವು.

2. ರಾಜಕೀಯ ಉದ್ದೇಶಕ್ಕೆ ಪ್ರತ್ಯೇಕ ವಂತಿಗೆ, ಪ್ರತ್ಯೇಕ ನಿಧಿ. ಅದಕ್ಕೆ ಯಾರನ್ನೂ ಬಲವಂತಪಡಿಸುವಂತಿಲ್ಲ. ಕೊಡದವರಿಗೆ ಸಂಘದ ಸೌಲಭ್ಯ ತಪ್ಪಿಸುವಂತಿಲ್ಲ.

3. ಲೆಕ್ಕದ ಪುಸ್ತಕಗಳು ಸದಸ್ಯರ ಪರಿಶೀಲನೆಗೆ ತೆರೆದಿರಬೇಕು.

4. ಪ್ರತಿ ವರ್ಷ ಪರಿಶೋಧಿತ ಜಮಾ-ಖರ್ಚಿನ ತಃಖ್ತೆಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು.

ಈ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಸಾಮಾನ್ಯ ನಿಧಿಯನ್ನು ನಿಗದಿಪಡಿಸಿದ ಉದ್ದೇಶಕ್ಕಷ್ಟೇ ಬಳಸಬೇಕು, ಪ್ರತ್ಯೇಕ ನಿಧಿಗೆ ಬಲವಂತ ಕೂಡದು ಎಂಬ ತತ್ವಗಳು ಅದರಲ್ಲೂ ಉಳಿದಿವೆ.

ನಮಗೇನು ಸಂಬಂಧ?

ನಮ್ಮ ಹಾಲು ಉತ್ಪಾದಕರ ಸಂಘಗಳು ಕಾರ್ಮಿಕ ಸಂಘಗಳಲ್ಲ. ಅವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಗೆ ಒಳಪಟ್ಟಿವೆ. ಆದರೆ ತತ್ವ ಒಂದೇ: ಹಣ ಸದಸ್ಯರದು, ಕಾರ್ಯಕಾರಿ ಸಮಿತಿ ಅದರ ಕಾವಲುಗಾರ. ಇಲ್ಲಿಯೂ ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡ 25 ಭಾಗ ಆಪದ್ಧನ ನಿಧಿಗೆ ಹೋಗಬೇಕು. ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಬೇಕು.

ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲು ಪರೀಕ್ಷಿಸಿದರೆ ಹಸು ಉಳಿಯುತ್ತದೆ, ಹಾಲೂ ಉಳಿಯುತ್ತದೆ. ಲೆಕ್ಕದ ವಿಷಯವೂ ಹಾಗೆಯೇ. ನಷ್ಟವಾದ ಮೇಲೆ ಕಾರ್ಯದರ್ಶಿಯನ್ನು ದೂರುವುದಕ್ಕಿಂತ ವರ್ಷವರ್ಷವೂ ಕೇಳುವುದು ಲೇಸು. ಲೆಕ್ಕ ಕೇಳಿದರೆ ಪ್ರಾಮಾಣಿಕ ಕಾರ್ಯದರ್ಶಿಗೆ ಅವಮಾನವಲ್ಲ, ಅದೇ ಅವರಿಗೆ ರಕ್ಷಣೆ.

ಆದ್ದರಿಂದ ತಾವು ಮಾಡಬೇಕಾದದ್ದು:

• ಪ್ರತಿ ಬಟವಾಡೆಯಲ್ಲೂ ಪಶು ಆಹಾರ, ವಿಮೆ, ಸಾಲದ ಕಡಿತಗಳನ್ನು ಪಾಸ್‌ಪುಸ್ತಕದೊಡನೆ ತಾಳೆ ನೋಡಿ.

• ವಾರ್ಷಿಕ ಮಹಾಸಭೆಗೆ ತಪ್ಪದೆ ಬನ್ನಿ. ಹಾಲು ಹಾಕುವ ಮಹಿಳಾ ಸದಸ್ಯರೂ ಬರಲಿ.

• ಜಮಾ-ಖರ್ಚನ್ನು ಓದಿಸಿ ಕೇಳಿ. ತಿಳಿಯದ ಬಾಬನ್ನು ಸಭೆಯಲ್ಲೇ ಪ್ರಶ್ನಿಸಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಹಾಲಿನ ಅಳತೆ, ಜಿಡ್ಡಿನಂಶಗಳನ್ನು ನೋಡುವಷ್ಟೇ ಎಚ್ಚರದಿಂದ ಸಂಘದ ಲೆಕ್ಕವನ್ನೂ ನೋಡಿ. ಸಂಘ ಉಳಿಯುವುದು ಇದರಿಂದಲೇ.