ಇಂಗ್ಲಿಷ್ ಬರವಣಿಗೆಯಲ್ಲಿ ‘ಬಂದಾಗ’ ಮತ್ತು ‘ಬರುವ ತನಕ’

ಮುಂಬಯಿಯಂತಹ ಮಹಾನಗರದಲ್ಲಿ ನೆಲಸಿರುವ ಕನ್ನಡಿಗನಿಗೆ ಇಂಗ್ಲಿಷ್ ಪತ್ರವ್ಯವಹಾರ ಅನಿವಾರ್ಯ. ಕಚೇರಿಗೆ ರಜೆಯ ಅರ್ಜಿ, ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗೆ ಪತ್ರ, ಬ್ಯಾಂಕಿಗೆ ಸಾಲದ ಕೋರಿಕೆ, ಎಲ್ಲವೂ ಆ ಭಾಷೆಯಲ್ಲಿಯೇ ಸಾಗಬೇಕು. ಪದಸಂಪತ್ತು ಸಾಕಷ್ಟುಳ್ಳವರೂ ಎಡವುವ ಒಂದು ಸ್ಥಳ ಈ ಪತ್ರಗಳಲ್ಲಿ ಉಂಟು. ವೆನ್, ಆಫ್ಟರ್, ಬಿಫೋರ್, ಅಂಟಿಲ್, ಸಿನ್ಸ್ ಮುಂತಾದ ಪದಗಳಿಂದ ಆರಂಭವಾಗುವ ಕಾಲವಾಚಕ ಉಪವಾಕ್ಯವೇ ಆ ಸ್ಥಳ. ಹಣ ಸಂದಿದೆಯೋ, ಇನ್ನು ಸಲ್ಲಬೇಕೋ ಎಂಬ ಅರ್ಥ ಅಲ್ಲಿಯ ಕ್ರಿಯಾಪದದ ಕಾಲವನ್ನೇ ಅವಲಂಬಿಸಿರುತ್ತದೆ.

ತೊಡಕಿನ ಮೂಲ

‘ನಿನ್ನೆ ತಂದೆ ಬಂದಾಗ ಹಣ ಕೊಟ್ಟೆ’, ‘ನಾಳೆ ತಂದೆ ಬಂದಾಗ ಹಣ ಕೊಡುತ್ತೇನೆ’ ಎಂಬ ಎರಡು ವಾಕ್ಯಗಳಲ್ಲಿಯೂ ‘ಬಂದ’ ಎಂಬ ಭೂತಕೃದಂತವೇ ಇದೆ. ಹಾಗೆಯೇ ನಿನ್ನೆಯ ಮಾತಾದರೂ ನಾಳೆಯ ಮಾತಾದರೂ ‘ಬರುವ ಮೊದಲು’ ಎಂದೇ ಹೇಳುತ್ತೇವೆಯೇ ಹೊರತು ‘ಬಂದ ಮೊದಲು’ ಎನ್ನುವುದಿಲ್ಲ. ಮುಖ್ಯಕ್ರಿಯೆಯ ಹೊತ್ತಿಗೆ ಇನ್ನೊಂದು ಕ್ರಿಯೆ ಮುಗಿದಿತ್ತೇ ಎಂಬುದನ್ನು ಮಾತ್ರ ಕನ್ನಡ ನೋಡುತ್ತದೆ. ಇಂಗ್ಲಿಷಾದರೋ ಮಾತನಾಡುತ್ತಿರುವ ಕ್ಷಣದಿಂದ ಹಿಂದಕ್ಕೂ ಮುಂದಕ್ಕೂ ಕಾಲವನ್ನು ಅಳೆಯುತ್ತದೆ.

ಭವಿಷ್ಯದ ಮಾತು

ಮುಂದೆ ನಡೆಯಲಿರುವ ಸಂಗತಿಗೆ ಇಂಗ್ಲಿಷಿನ ಕಾಲವಾಚಕ ಉಪವಾಕ್ಯದಲ್ಲಿ ವರ್ತಮಾನರೂಪ ಬರುತ್ತದೆ. ‘ವಿಲ್’ ಎಂಬುದು ಮುಖ್ಯವಾಕ್ಯಕ್ಕೆ ಮಾತ್ರ ಮೀಸಲು. ‘ವೆನ್ ಮೈ ಫಾದರ್ ಕಮ್ಸ್, ಐ ವಿಲ್ ಪೇ’ ಎಂಬುದೇ ಸರಿ. ‘ಬಂದಾಗ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ವೆನ್ ಮೈ ಫಾದರ್ ಕೇಮ್’ ಎಂದು ಬರೆದರೆ, ತಂದೆ ಆಗಲೇ ಬಂದಿದ್ದಾರೆಂದು ಓದುವವನು ತಿಳಿಯುತ್ತಾನೆ. ‘ವೆನ್ ಹೀ ವಿಲ್ ಕಮ್’ ಎಂಬ ತಪ್ಪಿಗೆ ಹಿಂದಿಯ ‘ಜಬ್ ಆಯೇಗಾ’ ಎಂಬ ರೂಢಿಯೂ ಇಂಬು ಕೊಡುತ್ತದೆ. ನಗರದಲ್ಲಿ ಬೆಳೆಯುವ ಮಕ್ಕಳ ಬರವಣಿಗೆಯಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಕ್ರಿಯೆ ಪೂರ್ಣವಾಗಿಯೇ ಮುಗಿದಿರಬೇಕೆಂಬ ನಿಬಂಧನೆಯಿದ್ದರೆ ‘ಹ್ಯಾವ್’ ಸೇರಿಸುವುದು ಲೇಸು. ‘ವೆನ್ ಐ ಹ್ಯಾವ್ ರಿಪೇಡ್ ದಿ ಲೋನ್, ದಿ ಬ್ಯಾಂಕ್ ವಿಲ್ ರಿಟರ್ನ್ ದಿ ಡಾಕ್ಯುಮೆಂಟ್ಸ್’ ಎಂದಾಗ, ಸಾಲ ಪೂರ್ತಿ ತೀರಿದ ಮೇಲೆಯೇ ಕಾಗದಪತ್ರ ಹಿಂದಿರುಗುವುದೆಂಬುದರಲ್ಲಿ ಸಂದೇಹವುಳಿಯದು.

ಭೂತಕಾಲದ ಮಾತು

‘ವೆನ್ ವೀ ರೀಚ್ಡ್ ದಾದರ್, ದಿ ಟ್ರೇನ್ ಲೆಫ್ಟ್’ ಎಂದರೆ ತಲುಪಿದೊಡನೆ ರೈಲು ಹೊರಟಿತು ಎಂದರ್ಥ. ‘ದಿ ಟ್ರೇನ್ ಹ್ಯಾಡ್ ಲೆಫ್ಟ್’ ಎಂದರೆ ತಲುಪುವ ಮೊದಲೇ ಅದು ಹೋಗಿತ್ತು. ಎರಡು ಗತಕ್ರಿಯೆಗಳಲ್ಲಿ ಮೊದಲು ಮುಗಿದದ್ದನ್ನು ‘ಹ್ಯಾಡ್’ ತೋರಿಸಿಕೊಡುತ್ತದೆ.

‘ಮುಂಬಯಿಗೆ ಬಂದಾಗಿನಿಂದ ಮಾಟುಂಗದಲ್ಲಿ ವಾಸವಾಗಿದ್ದೇನೆ’ ಎಂಬುದನ್ನು ಅನೇಕರು ‘ಐ ಆಮ್ ಲಿವಿಂಗ್’ ಎಂದು ಬರೆಯುವುದುಂಟು. ಹಿಂದೆ ಆರಂಭವಾಗಿ ಇಂದಿಗೂ ನಡೆದಿರುವ ಸ್ಥಿತಿಗೆ ‘ಹ್ಯಾವ್’ ಬೇಕು: ‘ಸಿನ್ಸ್ ಐ ಕೇಮ್ ಟು ಮುಂಬಯ್, ಐ ಹ್ಯಾವ್ ಲಿವ್ಡ್ ಇನ್ ಮಾಟುಂಗಾ’. ಬಂದದ್ದು ಒಮ್ಮೆ, ಆದ್ದರಿಂದ ‘ಕೇಮ್’. ವಾಸ ಮುಂದುವರಿದಿದೆ, ಆದ್ದರಿಂದ ‘ಹ್ಯಾವ್ ಲಿವ್ಡ್’.

‘ತನಕ’ದ ಎಚ್ಚರ

‘ವೈದ್ಯರು ಹೇಳುವ ತನಕ ಮಾತ್ರೆ ನಿಲ್ಲಿಸಬೇಡಿ’ ಎಂಬ ಮಾತು ಇಂಗ್ಲಿಷಿನಲ್ಲಿ ‘ಡೂ ನಾಟ್ ಸ್ಟಾಪ್ ದಿ ಟ್ಯಾಬ್ಲೆಟ್ಸ್ ಅಂಟಿಲ್ ದಿ ಡಾಕ್ಟರ್ ಟೆಲ್ಸ್ ಯೂ’ ಎಂದಾಗುತ್ತದೆ. ಹಿಂದಿಯ ‘ಜಬ್ ತಕ್’ ಎಂಬುದರ ಜೊತೆಯಲ್ಲಿ ‘ನಹೀಂ’ ಬರುವ ಅಭ್ಯಾಸದಿಂದ ‘ಅಂಟಿಲ್ ದಿ ಡಾಕ್ಟರ್ ಡಸ್ ನಾಟ್ ಟೆಲ್’ ಎಂಬ ಪ್ರಯೋಗ ನಗರಗಳಲ್ಲಿ ಕೇಳಿಬರುತ್ತದೆ. ಇದು ಅರ್ಥವನ್ನೇ ಕೆಡಿಸುತ್ತದೆ. ಇಲ್ಲಿ ಕನ್ನಡವೇ ಒಳ್ಳೆಯ ಮಾರ್ಗದರ್ಶಿ: ‘ಹೇಳುವ ತನಕ’ ಎಂಬಲ್ಲಿ ನಿಷೇಧವಿಲ್ಲ, ಇಂಗ್ಲಿಷಿನಲ್ಲಿಯೂ ಬೇಡ.

ಒಂದು ಅಪವಾದ, ಒಂದು ಒರೆಗಲ್ಲು

‘ಐ ಡೂ ನಾಟ್ ನೋ ವೆನ್ ಹೀ ವಿಲ್ ಕಮ್’ ಎಂಬ ವಾಕ್ಯದಲ್ಲಿ ‘ವಿಲ್’ ಸರಿಯಾಗಿಯೇ ಇದೆ. ಅಲ್ಲಿ ‘ವೆನ್’ ಎಂಬುದು ಪ್ರಶ್ನಾರ್ಥಕ. ಉಪವಾಕ್ಯ ಕಾಲವನ್ನು ಸೂಚಿಸದೆ, ತಿಳಿಯದ ವಿಷಯವನ್ನು ಹೇಳುತ್ತದೆ. ಈ ಭೇದವನ್ನು ಗುರುತಿಸಲು ಕನ್ನಡಿಗನಿಗೆ ಸುಲಭೋಪಾಯವಿದೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡಾಗ ‘ಯಾವಾಗ ಬರುತ್ತಾನೆಂದು’ ಎಂದು ಬಂದರೆ ‘ವಿಲ್’ ಇರಲಿ. ಮುಂದಿನ ಮಾತಿಗೆ ‘ಬಂದಾಗ’ ಎಂದು ಬಂದರೆ ‘ಕಮ್ಸ್’ ಇರಲಿ.

ಅಭ್ಯಾಸ

1. ಠೇವಣಿಯ ಅವಧಿ ಮುಗಿದಾಗ ತಿಳಿಸುತ್ತೇವೆ.
2. ಅವಧಿ ಯಾವಾಗ ಮುಗಿಯುತ್ತದೆಂದು ತಿಳಿಸಿರಿ.
3. ನಾವು ಆಸ್ಪತ್ರೆ ತಲುಪುವ ಮೊದಲೇ ಡಾಕ್ಟರು ಹೊರಟುಹೋಗಿದ್ದರು.

ಉತ್ತರಗಳು: 1. ವೀ ವಿಲ್ ಇನ್‌ಫಾರ್ಮ್ ಯೂ ವೆನ್ ದಿ ಡಿಪಾಸಿಟ್ ಮೆಚ್ಯೂರ್ಸ್. 2. ಪ್ಲೀಸ್ ಇನ್‌ಫಾರ್ಮ್ ಅಸ್ ವೆನ್ ದಿ ಡಿಪಾಸಿಟ್ ವಿಲ್ ಮೆಚ್ಯೂರ್. 3. ದಿ ಡಾಕ್ಟರ್ ಹ್ಯಾಡ್ ಲೆಫ್ಟ್ ಬಿಫೋರ್ ವೀ ರೀಚ್ಡ್ ದಿ ಹಾಸ್ಪಿಟಲ್.

ಮನೆಯಲ್ಲಿ ಮಕ್ಕಳೊಡನೆ ಇಂತಹ ಹತ್ತು ವಾಕ್ಯಗಳನ್ನು ಎರಡು ಭಾಷೆಗಳಲ್ಲಿಯೂ ಹೇಳಿಸಿ ನೋಡುವುದು ಉತ್ತಮ. ಅವರ ಇಂಗ್ಲಿಷ್ ತಿದ್ದಿಕೊಳ್ಳುತ್ತದೆ. ಅದರೊಡನೆ ಕನ್ನಡವೂ ನಾಲಗೆಯ ಮೇಲೆ ಉಳಿಯುತ್ತದೆ.