ಉತ್ತರ ಕೊಡೋಕೆ ಸಮಯ ಇತ್ತಾ?

ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್‌ನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು, ಒಂದು ಸಮುದಾಯದವರ ಬಗ್ಗೆ. ಅದರಲ್ಲಿ ಏನಿತ್ತು ಅಂತ ಇಲ್ಲಿ ಮತ್ತೆ ಬರೆಯೋದಿಲ್ಲ. ಆ ಸಮುದಾಯದ ಇಬ್ಬರು ಅದೇ ಗ್ರೂಪಿನಲ್ಲಿದ್ದರು, ಅಷ್ಟು ಹೇಳಿದರೆ ಸಾಕು. ನೂರಕ್ಕೂ ಹೆಚ್ಚು ಜನ ಓದಿದರು, ಒಬ್ಬರೂ ಉತ್ತರ ಬರೆಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆ ಇಬ್ಬರೂ ಗ್ರೂಪ್ ಬಿಟ್ಟಿದ್ದರು. ಮಧ್ಯಾಹ್ನ ಅಡ್ಮಿನ್ ಮೆಸೇಜ್ ಅಳಿಸಿ, ಹಾಕಿದವನನ್ನೂ ಗ್ರೂಪಿನಿಂದ ತೆಗೆದರು. ಸಂಜೆ ಹೊತ್ತಿಗೆ ಅವನದ್ದೇ ಹೊಸ ಗ್ರೂಪ್ ಶುರುವಾಗಿತ್ತು. "ನಿಜ ಹೇಳಿದ್ದಕ್ಕೆ ಹೊರಗೆ ಹಾಕಿದ್ರು" ಅನ್ನೋದು ಅದರ ಮೊದಲ ಮೆಸೇಜ್.

ಆ ವಾರ ಕನ್ನಡ ಸಂಘದ ಓದುಕೂಟದಲ್ಲಿ ಬೇರೆ ಮಾತೇ ಇರಲಿಲ್ಲ. ಅರ್ಧ ಜನ "ತೆಗೆದಿದ್ದೇ ಸರಿ" ಅಂದರು, ಉಳಿದವರು "ವಾಕ್ ಸ್ವಾತಂತ್ರ್ಯ ಇಲ್ವಾ?" ಅಂದರು. ದನಿ ಏರಿತು, ವಿಷಯ ಮಾತ್ರ ಇದ್ದಲ್ಲೇ ಇತ್ತು. ಹಾಗಾಗಿ ನಿಜವಾಗಿ ನಡೆದ ಎರಡು ಪ್ರಕರಣ ಇಟ್ಟುಕೊಂಡು ಓದೋಣ ಅಂತ ಕೂತೆವು. ಒಂದು ಅಮೆರಿಕದ್ದು, ಇನ್ನೊಂದು ನಮ್ಮ ಬೆಂಗಳೂರಿನದ್ದು.

ಸ್ಕೋಕಿ ಅನ್ನೋದು ಶಿಕಾಗೋ ಪಕ್ಕದ ಊರು. 1970ರ ದಶಕದಲ್ಲಿ ಅಲ್ಲಿದ್ದದ್ದು ಸುಮಾರು 70,000 ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಯಹೂದಿಗಳು. ಹಿಟ್ಲರನ ಶಿಬಿರಗಳಿಂದ ಹೇಗೋ ಬದುಕಿ ಬಂದ ಸಾವಿರಾರು ಜನ ಅಲ್ಲಿ ಮನೆ ಮಾಡಿಕೊಂಡಿದ್ದರು. ಅಂಥ ಊರಿಗೇ ಬಂದು, ನಾಜಿ ಸಮವಸ್ತ್ರ ತೊಟ್ಟು, ಸ್ವಸ್ತಿಕದ ಬಾವುಟ ಹಿಡಿದು ನಿಲ್ಲುತ್ತೇವೆ ಅಂತ 1977ರಲ್ಲಿ ಫ್ರಾಂಕ್ ಕಾಲಿನ್ ಎಂಬಾತನ ಪುಟ್ಟ ನಾಜಿ ಪಕ್ಷ ಘೋಷಿಸಿತು. (ನಮ್ಮ ಹೊಸ್ತಿಲ ಮೇಲಿನ ಸ್ವಸ್ತಿಕ ಅಲ್ಲ, ಹಿಟ್ಲರನ ಬಾವುಟದ್ದು. ಆ ಊರಿನ ಎಷ್ಟೋ ಜನ ತಮ್ಮ ತಂದೆತಾಯಿಯನ್ನು ಕೊನೇ ಸಲ ನೋಡಿದ್ದು ಆ ಗುರುತಿನ ಕೆಳಗೆ.)

ಊರಿನ ಆಡಳಿತ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಅದು ಸಾಲದು ಅಂತ ಮೂರು ಸ್ಥಳೀಯ ಕಾನೂನು ಮಾಡಿತು. ಮೆರವಣಿಗೆ ಮಾಡೋರು 3,50,000 ಡಾಲರ್ ವಿಮೆ ತೋರಿಸಬೇಕು, ದ್ವೇಷ ಹುಟ್ಟಿಸುವ ಕರಪತ್ರ ಹಂಚಬಾರದು, ಸೈನಿಕರ ಥರದ ಸಮವಸ್ತ್ರ ತೊಟ್ಟು ಮೆರವಣಿಗೆ ಮಾಡಬಾರದು. ಓದುವಾಗ ನಮಗೂ "ಸರಿಯಾಗಿದೆಯಲ್ಲ" ಅನ್ನಿಸಿತು.

ಆದರೆ ನಾಜಿಗಳ ಪರ ಕೋರ್ಟಿನಲ್ಲಿ ನಿಂತವರು ಯಾರು ಅಂತ ನೋಡಿ. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ. ವಾದ ಮಾಡಿದ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್ಯೇ ನೈಯರ್ ಬರ್ಲಿನ್‌ನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ನಾಜಿಗಳಿಂದ ಪಾರಾಗಿ ಬಂದವರು. ಇವರಿಗೆ ಕಾಲಿನ್ ಮೇಲೆ ಪ್ರೀತಿ ಉಕ್ಕಿ ಬಂದಿರಲಿಲ್ಲ. ಭಾರಿ ವಿಮೆ ಕೇಳುವ, "ಗಲಾಟೆ ಆಗಬಹುದು" ಅಂತ ಅನುಮತಿ ನಿರಾಕರಿಸುವ ಕಾನೂನು ಇವತ್ತು ನಾಜಿಗಳ ಮೇಲೆ ಸಲ್ಲಬಹುದಾದರೆ, ಕರಿಯರ ಹಕ್ಕಿಗಾಗಿ ನಡೆಯುವ ಮೆರವಣಿಗೆಯ ಮೇಲೂ ನಾಳೆ ಸಲ್ಲುತ್ತದೆ ಅನ್ನೋದು ಅವರ ವಾದ. ಈ ನಿಲುವಿಗಾಗಿ ಸಂಸ್ಥೆ ಸಾವಿರಾರು ಸದಸ್ಯರನ್ನು ಕಳೆದುಕೊಂಡಿತು.

ವರ್ಷಕ್ಕೂ ಹೆಚ್ಚು ಕಾಲ ಕೋರ್ಟು ಕಚೇರಿ ನಡೆದು, 1978ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟೂ ಫೆಡರಲ್ ಮೇಲ್ಮನವಿ ಕೋರ್ಟೂ ನಾಜಿಗಳಿಗೆ ಮೆರವಣಿಗೆಯ ಹಕ್ಕಿದೆ ಎಂದವು. ತಮಾಷೆ ಅಂದರೆ, ಗೆದ್ದ ಮೇಲೆ ಕಾಲಿನ್ ಸ್ಕೋಕಿಗೆ ಹೋಗಲೇ ಇಲ್ಲ. ಶಿಕಾಗೋದಲ್ಲಿ ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಸಭೆ ಮಾಡಿದ. ಎದುರಿಗೆ ಸಾವಿರಾರು ಜನ ಸೇರಿದ್ದರು.

ಸ್ಕೋಕಿಯಲ್ಲಿ ಆಮೇಲೆ ಆದದ್ದು ಇದಕ್ಕಿಂತ ದೊಡ್ಡದು. ಅಲ್ಲಿವರೆಗೆ ತಮಗಾದದ್ದನ್ನು ಊರಿನ ಮುಂದೆ ಬಾಯಿ ಬಿಟ್ಟು ಹೇಳದಿದ್ದ ಎಷ್ಟೋ ಜನ ಮಾತಾಡೋಕೆ ಶುರು ಮಾಡಿದರು. 1981ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. 1990ರಲ್ಲಿ ಇಲಿನಾಯ್ ರಾಜ್ಯ ಯಹೂದಿ ನರಮೇಧದ ಪಾಠವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. 2009ರಲ್ಲಿ ಸ್ಕೋಕಿಯಲ್ಲೇ ಮ್ಯೂಸಿಯಂ ತೆರೆಯಿತು.

ಇಷ್ಟು ಓದುವಷ್ಟರಲ್ಲಿ ನಮ್ಮ "ಸ್ವಾತಂತ್ರ್ಯ" ತಂಡ ಗೆದ್ದೇಬಿಟ್ಟೆವು ಅನ್ನೋ ಹಾಗೆ ಕೂತಿತ್ತು. ಆಗ ನಮ್ಮಲ್ಲೊಬ್ಬಳು ಕೇಳಿದಳು: "ಅವರಿಗೆ ಒಂದು ವರ್ಷ ಸಿಕ್ತು. ವಕೀಲರಿದ್ರು, ಪೇಪರ್ ಇತ್ತು, ಪೊಲೀಸರಿದ್ರು. ಸಮಯವೇ ಸಿಗದೇ ಹೋಗಿದ್ರೆ?"

ಆ ಪ್ರಶ್ನೆಗೆ 2012ರ ಬೆಂಗಳೂರು ಬೇಕು. ನಮ್ಮಲ್ಲಿ ಯಾರೂ ಆಗ ಪೇಪರ್ ಓದುವ ವಯಸ್ಸಿನವರಲ್ಲ. ಆ ವರ್ಷ ಜುಲೈನಲ್ಲಿ ಅಸ್ಸಾಮಿನ ಕೊಕ್ರಜಾರ್ ಕಡೆ ದೊಡ್ಡ ಹಿಂಸಾಚಾರ ಆಗಿತ್ತು. ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿರುವ ಈಶಾನ್ಯ ಭಾರತದವರನ್ನು ಹೊಡೆಯುತ್ತಾರೆ ಅಂತ ಆಗಸ್ಟ್‌ನಲ್ಲಿ ಎಸ್‌ಎಂಎಸ್‌ಗಳು ಹರಿದಾಡಿದವು. ಆಗಸ್ಟ್ 15ರಿಂದ ಸಿಟಿ ರೈಲ್ವೆ ನಿಲ್ದಾಣದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ವಿದ್ಯಾರ್ಥಿಗಳು, ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಕೆಲಸದವರು ಬ್ಯಾಗ್ ಹಿಡಿದು ಹೊರಟರು. ಗುವಾಹಾಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಊರು ಬಿಟ್ಟರು. "ಹೋಗಬೇಡಿ, ನಾವಿದ್ದೇವೆ" ಅಂತ ಮಂತ್ರಿಗಳು, ಪೊಲೀಸರು, ಸಾಮಾನ್ಯ ಜನ ಹೇಳಿದರು. ಅದು ಅವರನ್ನು ಮುಟ್ಟುವ ಮೊದಲೇ ರೈಲು ಹೊರಟಿತ್ತು. ಕೇಂದ್ರ ಸರ್ಕಾರ ಒಟ್ಟೊಟ್ಟಿಗೆ ಎಸ್‌ಎಂಎಸ್ ಕಳಿಸೋದನ್ನು 15 ದಿನ ನಿಷೇಧಿಸಿ 5ರ ಮಿತಿ ಹಾಕಿತು, ಆಮೇಲೆ ಅದನ್ನು 20ಕ್ಕೆ ಏರಿಸಿತು.

ನೆಟ್‌ವರ್ಕ್ಸ್ ಪೇಪರ್ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಳ್ಳಿನ ಲೇಟೆನ್ಸಿ ಸೆಕೆಂಡುಗಳಲ್ಲಿ, ಅದಕ್ಕೆ ಉತ್ತರದ ಲೇಟೆನ್ಸಿ ದಿನಗಳಲ್ಲಿ. ಅಮೆರಿಕದ ನ್ಯಾಯಮೂರ್ತಿ ಬ್ರಾಂಡೈಸ್ 1927ರಲ್ಲೇ ಒಂದು ತೀರ್ಪಿನಲ್ಲಿ ಈ ಗೆರೆ ಎಳೆದಿದ್ದರು. ಸುಳ್ಳನ್ನು ಚರ್ಚೆಯಿಂದ ಬಯಲು ಮಾಡೋಕೆ ಸಮಯ ಇದ್ದರೆ ಇನ್ನಷ್ಟು ಮಾತೇ ಮದ್ದು, ತುರ್ತು ಇದ್ದರೆ ಮಾತ್ರ ಬಾಯಿ ಮುಚ್ಚಿಸಬಹುದು ಅನ್ನೋದು ಅದರ ಸಾರ. ಮಾತು ಎಷ್ಟು ಕೆಟ್ಟದ್ದು ಅಂತ ತೂಗುವ ಮೊದಲು, ಅದಕ್ಕೆ ಗುರಿಯಾದವನಿಗೆ ಉತ್ತರಿಸಲು ಸಮಯ ಇದೆಯಾ ಅಂತ ಕೇಳಬೇಕು ಅನ್ನೋದಕ್ಕೆ ನಮ್ಮಲ್ಲಿ ಹೆಚ್ಚಿನವರು ಬಂದದ್ದು ಹೀಗೆ.

ನಮ್ಮ ಸುಪ್ರೀಂ ಕೋರ್ಟೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದೆ. 1989ರ ರಂಗರಾಜನ್ ಪ್ರಕರಣದಲ್ಲಿ, ಮಾತಿಗೂ ಅಪಾಯಕ್ಕೂ ಇರುವ ನಂಟು ಮದ್ದಿನ ಪೀಪಾಯಿಗೆ ಕಿಡಿ ಬಿದ್ದಷ್ಟು ಹತ್ತಿರದ್ದಾಗಿರಬೇಕು ಎಂದಿತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಮೂರು ಮೆಟ್ಟಿಲು ಮಾಡಿ, ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು ಎಂದು ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿತು. "ಕಿರಿಕಿರಿ" ಕೂಡ ಅಪರಾಧ ಎನ್ನುತ್ತಿದ್ದ ಸೆಕ್ಷನ್ ಅದು. ಬೆಂಗಳೂರಿನ ವಲಸೆ ನಡೆದ ಅದೇ 2012ರಲ್ಲಿ, ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಪೊಲೀಸರು ಬಂಧಿಸಿದ್ದರು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ ಬೇರೆಯೇ ಕಾನೂನಿದೆ. ಮೊದಲು ಐಪಿಸಿ 153ಎ ಆಗಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 196.

ಜರ್ಮನಿಯ ಕಥೆ ಇಲ್ಲಿ ಸ್ವಲ್ಪ ತೊಡಕು. 1920ರ ದಶಕದಲ್ಲಿ ಅಲ್ಲಿನ ಹಲವು ರಾಜ್ಯಗಳು ಹಿಟ್ಲರನ ಸಾರ್ವಜನಿಕ ಭಾಷಣ ನಿಷೇಧಿಸಿದ್ದವು. ಅವನ ಪಕ್ಷದವರು ಬಾಯಿಗೆ ಪಟ್ಟಿ ಅಂಟಿಸಿದ ಹಿಟ್ಲರನ ಚಿತ್ರ ಹಾಕಿ ಪೋಸ್ಟರ್ ಮಾಡಿದರು. ನಿಷೇಧವೇ ಜಾಹೀರಾತಾಯಿತು, ನಮ್ಮ ಹಾಸ್ಟೆಲ್‌ನ ಹೊಸ ಗ್ರೂಪಿನ ಹಾಗೆ. ಅದೇ ಜರ್ಮನಿ ಯುದ್ಧದ ನಂತರ ದ್ವೇಷದ ಪ್ರಚೋದನೆಯನ್ನು ಅಪರಾಧ ಮಾಡಿಯೂ ಸ್ವತಂತ್ರ ದೇಶವಾಗಿಯೇ ಉಳಿದಿದೆ. "ತೆಗೆದಿದ್ದೇ ಸರಿ" ಅಂದವರು ಇದನ್ನು ಹಿಡಿದುಕೊಂಡರು, ನಮಗೂ ಪೂರ್ತಿ ತಳ್ಳಿಹಾಕೋಕೆ ಆಗಲಿಲ್ಲ.

ಇನ್ನು ನಮ್ಮ ಗ್ರೂಪಿನ ಮೆಸೇಜ್. ಆ ರಾತ್ರಿ ಯಾರೂ ಯಾರನ್ನೂ ಹೊಡೆಯೋಕೆ ಹೊರಟಿರಲಿಲ್ಲ. ಬೆಂಗಳೂರಿನ ಎಸ್‌ಎಂಎಸ್ ಥರದ್ದಲ್ಲ ಅದು. ಬಂದದ್ದು ರಾತ್ರಿ, ಅಳಿಸಿದ್ದು ಮಾರನೇ ಮಧ್ಯಾಹ್ನ. ಅಷ್ಟೂ ಹೊತ್ತು ಸಮಯ ಇತ್ತು, ನೂರು ಜನರ ಕೈಯಲ್ಲಿ ಫೋನ್ ಇತ್ತು. "ಇದು ಸುಳ್ಳು, ತೆಗಿ ಇದನ್ನ" ಅಂತ ಒಂದು ಸಾಲು ಬರೆಯೋಕೆ ಕಾನೂನೂ ಬೇಡ, ಅಡ್ಮಿನ್ನೂ ಬೇಡ. ಅಡ್ಮಿನ್ ಮಾಡಿದ್ದು ತಪ್ಪು ಅಂತ ಹೇಳೋ ಮುಖ ನಮಗಿಲ್ಲ, ಉಳಿದ ನಾವು ಏನೂ ಮಾಡದಿದ್ದಾಗ ಅವರು ಒಬ್ಬರಾದರೂ ಏನೋ ಮಾಡಿದರು.

ಓದುಕೂಟ ಮುಗಿಸಿ ಆ ಇಬ್ಬರ ರೂಮಿಗೆ ಹೋದೆವು. ಸ್ಕೋಕಿ, ಬ್ರಾಂಡೈಸ್ ಎಲ್ಲ ಹೇಳೋಕೆ ಮನಸ್ಸಾಗಲಿಲ್ಲ. ಒಬ್ಬ ಹೇಳಿದ: "ಬೆಳಿಗ್ಗೆ ಮೆಸ್‌ನಲ್ಲಿ ಯಾರ ಪಕ್ಕ ಕೂರೋದು ಅಂತ ಗೊತ್ತಾಗ್ಲಿಲ್ಲ ಕಣ್ರೋ, ತಿಂಡಿ ಬಿಟ್ಟು ಕ್ಲಾಸಿಗೆ ಹೋದೆ." ಅವನು ಈಗ ಗ್ರೂಪಿಗೆ ವಾಪಸ್ ಬಂದಿದ್ದಾನೆ. ಇನ್ನೊಬ್ಬ ಬಂದಿಲ್ಲ. ಕೇಳಿದರೆ, "ನೋಟ್ಸ್ ಬೇಕಾದ್ರೆ ನಿಮ್ಮನ್ನೇ ಕೇಳ್ತೀನಿ ಬಿಡ್ರೋ" ಅಂತಾನೆ.